ಬಾಡಿಗೆದಾರರ ಸಮೇತ ಒಂದು ಮನೆ

ನನಗೆ ತೆಂಗಿನಕಾಯಿ ಕಂಡರಾಗುವುದಿಲ್ಲ. ತಿಪಟೂರಿನಲ್ಲಿ ಇದ್ದುಕೊಂಡು ಈ ಮಾತನ್ನು ಜೋರಾಗಿ ಹೇಳುವ ಹಾಗಿಲ್ಲ. ಹೇಳಿದರೆ ಹೆಣ್ಣು ಕೊಟ್ಟ ಮಾವನವರು ಇಷ್ಟು ವರ್ಷವಾದ ಮೇಲೂ ಮಗಳನ್ನು ವಾಪಸು ಕೇಳಿಯಾರು. ಅದಕ್ಕೇ ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ.

ಅರಳಗುಪ್ಪೆಯಲ್ಲಿ ನಮ್ಮಪ್ಪ ಬಿಟ್ಟುಹೋದ ತೋಟವಿದೆ. ನೋಡಿದವರೆಲ್ಲ ‘ನಿಮಗೇನ್ರೀ ರೇಣುಕಪ್ರಸಾದ್, ದುಡ್ಡು ಮರದಿಂದ ತಾನಾಗೇ ಉದುರುತ್ತೆ’ ಎನ್ನುತ್ತಾರೆ. ಉದುರುವುದು ದುಡ್ಡಲ್ಲ ಸ್ವಾಮಿ, ಕಾಯಿ. ಉದುರಿದ್ದನ್ನು ಆರಿಸಬೇಕು, ಗಾಡಿಗೆ ತುಂಬಬೇಕು, ಅಟ್ಟಕ್ಕೆ ಏರಿಸಬೇಕು. ಅಲ್ಲಿ ಅದು ಹೆಚ್ಚುಕಮ್ಮಿ ಒಂದು ವರ್ಷ ತಪಸ್ಸು ಮಾಡಿ, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿಯಾಗುವ ತನಕ ಕಾಯಬೇಕು. ಆಮೇಲೆ ಇಳಿಸಬೇಕು, ಸುಲಿಯಬೇಕು, ಚಿಪ್ಪು ಒಡೆಯಬೇಕು, ಹರಾಜಿಗೆ ಮಾರುಕಟ್ಟೆ ಯಾರ್ಡಿಗೆ ಸಾಗಿಸಬೇಕು. ಅಷ್ಟು ಹೊತ್ತಿಗೆ ಸರಿಯಾಗಿ ರೇಟು ಬಿದ್ದಿರುತ್ತದೆ. ಮನೆಗೆ ಬಂದರೆ ಬೆಳಿಗ್ಗೆ ಕಾಯಿ ಚಟ್ನಿ, ಮಧ್ಯಾಹ್ನ ಕಾಯಿ ಅರೆದು ಹಾಕಿದ ಸಾರು, ಸಂಜೆ ಕೊಬ್ಬರಿ ಮಿಠಾಯಿ. ಸ್ನಾನದ ನೀರು ಕಾಯುವುದು ತೆಂಗಿನ ಮಟ್ಟೆಯಲ್ಲಿ, ಕಸ ಗುಡಿಸುವುದು ತೆಂಗಿನ ಕಡ್ಡಿಯಲ್ಲಿ. ಈ ಕಲ್ಪವೃಕ್ಷ ಅನ್ನುವ ಬಿರುದನ್ನು ಕೊಟ್ಟ ಮಹಾನುಭಾವ ಒಂದು ದಿನವಾದರೂ ಕಾಯಿ ಸುಲಿದಿದ್ದನೇ ಎಂದು ನನಗೆ ಬಲವಾದ ಅನುಮಾನವಿದೆ.

ಈ ಕಾಯಿದ್ವೇಷದ ಮೊದಲ ಸ್ಮಾರಕವಾಗಿ ನಾನು ತಿಪಟೂರಿನಲ್ಲಿ ಮನೆ ಕಟ್ಟಿಸುವಾಗ ಅಟ್ಟವನ್ನೇ ಇಡಿಸಲಿಲ್ಲ. ಮೇಸ್ತ್ರಿ ‘ಸಾರ್, ಅಟ್ಟ ಮರ್ತೋಗೈತೆ’ ಎಂದು ಜ್ಞಾಪಿಸಿದ. ಮರೆತಿಲ್ಲ ಕಣಯ್ಯ, ಬೇಕಂತಲೇ ಎಂದೆ. ನನ್ನ ಹೆಂಡತಿ ಮೀನಾಕ್ಷಿ ಗೃಹಪ್ರವೇಶದ ದಿನ ಹಾಲು ಉಕ್ಕಿಸುವಾಗ ಹಾಲಿಗಿಂತ ಹೆಚ್ಚಾಗಿ ತಾನೇ ಸಿಟ್ಟಿನಿಂದ ಉಕ್ಕುತ್ತಿದ್ದಳು. ಅವಳಿಗೆ ಹಂದನಕೆರೆಯ ತವರಿನವರು ಅರಿಸಿನ ಕುಂಕುಮಕ್ಕೆಂದು ಕೊಟ್ಟ ಒಂದಿಷ್ಟು ಮರಗಳಿವೆ. “ನನ್ ಕಾಯಿ ಎಲ್ಲಿಡ್ಲಿ?” ಎಂದು ಕೇಳಿದಳು. ಎಳನೀರಿನವನಿಗೆ ಕೊಟ್ಟುಬಿಡು ಎಂದೆ. ಕೊನೆಗೆ ಒಂದು ದಿನ “ಹೂಂ, ಕೊಟ್ಬುಟ್ಟೆ” ಎಂದಳು. ಆ ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ. (ಹೆಂಡತಿ ಇಷ್ಟು ಸುಲಭವಾಗಿ ಒಪ್ಪಿದಾಗ ಗಂಡಸು ಎಚ್ಚರವಾಗಬೇಕು. ನಾನು ಮಲಗಿದೆ.)

ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಕೋಟು ತೊಟ್ಟ ಒಬ್ಬ ಮನುಷ್ಯ ಕೈ ಬೀಸಿ ಬೀಸಿ ಹೇಳುತ್ತಿದ್ದ. ಇದಕ್ಕೆ ಟರ್ನ್‌ಕೀ ಬಾಡಿಗೆ ಮನೆ ಅನ್ನುತ್ತಾರಂತೆ. ಮನೆ ರೆಡಿ, ಸುಣ್ಣಬಣ್ಣ ರೆಡಿ, ಬಾಡಿಗೆದಾರರೂ ಒಳಗೇ ರೆಡಿ. ಕೊಂಡುಕೊಂಡವನು ಕೀಲಿಕೈ ತಿರುಗಿಸಿದರೆ ಮುಗಿಯಿತು, ನೀವು ಮಲಗಿದ್ದರೂ ದುಡ್ಡು ದುಡಿಯುತ್ತದೆ ಎಂದ. ಮಲಗುವ ವಿಷಯದಲ್ಲಿ ನನಗೆ ಒಳ್ಳೆಯ ಅನುಭವವಿತ್ತು. ಒಂದೇ ಒಂದು ಕಾಯಿಯೂ ಇಲ್ಲದ ಸಂಪಾದನೆ! ಆ ಕ್ಷಣವೇ ನಾನು ಸ್ಥಿರಾಸ್ತಿ ಸಾಮ್ರಾಟನಾಗುವುದೆಂದು ತೀರ್ಮಾನಿಸಿ ಅಡುಗೆಮನೆಗೆ ಹೋದೆ.

“ಮೀನಾಕ್ಷಿ, ನಾನು ಇನ್ವೆಸ್ಟರ್ ಆಗ್ತೀನಿ.”

“ಮೊದ್ಲು ಗ್ಯಾಸ್ ಬುಕ್ ಮಾಡಿ. ಆಮೇಲೆ ಆಗೋರಂತೆ.”

“ತಮಾಷೆ ಅಲ್ಲ ಕಣೇ. ಹಾಸನ ರಸ್ತೇಲಿರೋ ನನ್ನ ಸೈಟ್ ಮಾರ್ತೀನಿ, ಬಾಡಿಗೆಗೆ ಇರೋ ಮನೆ ತಗೋತೀನಿ. ತೋಟ ಯಾರಿಗಾದ್ರೂ ಗುತ್ತಿಗೆ ಕೊಟ್ಟು ಕೈ ತೊಳ್ಕೋತೀನಿ.”

ಅವಳು ಸೌಟನ್ನು ಕೆಳಗಿಟ್ಟಳು. ಬೈಗುಳಕ್ಕೆ ಮೈ ಬಿಗಿಮಾಡಿಕೊಂಡೆ. ಅವಳು ಬೈಯಲಿಲ್ಲ.

“ಒಳ್ಳೇದೇ ಬುಡಿ. ಆದ್ರೆ ಒಂದು ಮಾತು. ಆರು ತಿಂಗ್ಳು ನೋಡಣ. ಆ ಮನೆಯಿಂದ ನೆಟ್ಟಗೆ ಬಾಡಿಗೆ ಬಂತು ಅಂದ್ರೆ ತೋಟ ಗುತ್ತಿಗೆಗೆ ಕೊಡಿ, ನಿಮ್ಮನ್ನ ತೋಟದ ಕಡೆ ಹೋಗಿ ಅಂತ ಇನ್ನೊಂದ್ಸಲ ಕೇಳಲ್ಲ. ಬರ್ಲಿಲ್ಲ ಅಂದ್ರೆ ದಿನಾ ಬೆಳಿಗ್ಗೆ ಎದ್ದು ಅರಳಗುಪ್ಪೆಗೆ ಹೋಗ್ಬೇಕು. ಸಾಯೋಗಂಟ.”

“ಒಪ್ಪಿದೆ!”

“ದುಡ್ಡು ಕಮ್ಮಿ ಬಿದ್ರೆ ನಾನು ಹಾಕ್ತೀನಿ. ಪತ್ರ ಮಾತ್ರ ನನ್ನ ಹೆಸ್ರಿಗೆ.”

ನನ್ನ ಜೀವಮಾನದ ಸ್ವಾತಂತ್ರ್ಯ ಆರು ತಿಂಗಳ ದೂರದಲ್ಲಿ ನಿಂತಿದ್ದಾಗ ಪತ್ರ ಯಾರ ಹೆಸರಿನಲ್ಲಿದ್ದರೇನು? ಎಳನೀರಿನಲ್ಲಿ ಇಷ್ಟೊಂದು ದುಡ್ಡಿದೆಯೇ ಎಂದು ಮಾತ್ರ ಒಂದು ಗಳಿಗೆ ಆಶ್ಚರ್ಯವಾಯಿತು.

ಮಾರನೆಯ ದಿನವೇ, ನಾನು ಯಾರಿಗೂ ಹೇಳಿರದಿದ್ದರೂ, ಬ್ರೋಕರ್ ರೇವಣಸಿದ್ದಯ್ಯ ಮನೆ ಬಾಗಿಲಿಗೆ ಬಂದ. ಒಳ್ಳೆಯ ಕಾಲ ಬಂದಾಗ ಹೀಗೇ ಎಂದುಕೊಂಡೆ. “ಸಾರ್, ಹಳೇ ಪೇಟೆ ಒಳಗೆ ಒಂದು ಹೆಂಚಿನ ಮನೆ ಐತೆ. ಹೊಸಾ ಬಣ್ಣ, ಹೊಸಾ ನಲ್ಲಿ. ಒಳಗೆ ಪುಟ್ಟಗಂಗಮ್ಮ ಅಂತ ಒಬ್ರು ಬಾಡಿಗೆಗೆ ಅವ್ರೆ, ವರ್ಷಾನುಗಟ್ಲೆಯಿಂದ. ಒಂದು ಗಲಾಟೆ ಇಲ್ಲ, ಒಂದು ತಕರಾರಿಲ್ಲ. ನೀವು ಕೊಂಡ್ಕೊಂಡ್ರೆ ಬಾಡಿಗೆದಾರರ ಸಮೇತ ಬರ್ತೈತೆ” ಎಂದ. ಕೋಟಿನವನು ಹೇಳಿದ್ದೂ ಅಕ್ಷರಶಃ ಇದೇ.

ಮನೆ ನೋಡಲು ಹೋದೆವು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮವರು ಯಾರ ಮನೆಗೆ ಕಾಲಿಟ್ಟರೂ ಕೂರುವ ಮೊದಲು ಕತ್ತೆತ್ತಿ ಅಟ್ಟ ನೋಡುತ್ತಾರೆ. ಅಟ್ಟದ ಗಳುಗಳ ಸಂದಿಯಲ್ಲಿ ಎಷ್ಟು ಕಾಯಿ ಕಾಣುತ್ತದೆ ಎಂಬುದರ ಮೇಲೆ ಆ ಮನೆಯ ಯೋಗ್ಯತೆ. ಹೆಣ್ಣು ನೋಡಲು ಹೋದ ಗಂಡೂ ಮೊದಲು ಅಟ್ಟ ನೋಡಿ ಆಮೇಲೆ ಹೆಣ್ಣು ನೋಡುವುದು. ಆದರೆ ನಾನು ಈಗ ಹೊಸ ಮನುಷ್ಯ. ಫೋನಿನಲ್ಲಿ ಕೋಟಿನವನನ್ನು ಹಿಡಿದುಕೊಂಡು, ಅವನು ಹೇಳಿದಂತೆ ನಲ್ಲಿ ತಿರುಗಿಸಿದೆ, ಸ್ವಿಚ್ಚು ಒತ್ತಿದೆ, ಗೋಡೆಗೆ ಕಿವಿಗೊಟ್ಟು ಬೆರಳಿನಲ್ಲಿ ಕುಟ್ಟಿದೆ, ಬಚ್ಚಲಿನಲ್ಲಿ ಬಗ್ಗಿ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿದೆ.

ಪುಟ್ಟಗಂಗಮ್ಮ ಸೊಂಟಕ್ಕೆ ಕೈಯಿಟ್ಟು ನನ್ನ ಹಿಂದೆಯೇ ಬಂದರು. ಅರವತ್ತರ ಆಸುಪಾಸು, ಕಂಚಿನ ಕಂಠ. “ರೇವಣಸಿದ್ದಯ್ಯೋ, ಇವ್ರು ಮನೆ ತಗಳಕೆ ಬಂದವ್ರಾ, ನಲ್ಲಿ ರಿಪೇರಿಗೆ ಬಂದವ್ರಾ?”

“ರೀ, ಮೇಲ್ಗಡೇನೂ ಒಸಿ ನೋಡ್ಬುಡಿ” ಎಂದಳು ಮೀನಾಕ್ಷಿ.

“ಮೇಲೆ ನೋಡೋದು ರೈತರು ಕಣೇ. ಇನ್ವೆಸ್ಟರ್ ಆದೋನು ಕೆಳಗೆ ನೋಡ್ತಾನೆ.”

“ಆಯ್ತಪ್ಪ. ನಾನ್ ಕೇಳ್ದೆ ಅನ್ನೋದು ನೆನಪಿರ್ಲಿ.”

ಪುಟ್ಟಗಂಗಮ್ಮ ಕಾಫಿ ಕೊಟ್ಟರು. ನನಗೆ ಸಕ್ಕರೆ ಹಾಕಿದ್ದು, ಮೀನಾಕ್ಷಿಗೆ ಕೇಳದೆಯೇ ಸಕ್ಕರೆ ಹಾಕದ್ದು. ಮುಖ ನೋಡಿಯೇ ರುಚಿ ಹೇಳುವ ಬಾಡಿಗೆದಾರರು ಎಷ್ಟು ಜನಕ್ಕೆ ಸಿಗುತ್ತಾರೆ ಎಂದು ಹಿಗ್ಗಿದೆ. ಸೈಟು ಮಾರಿದೆ, ಕಮ್ಮಿ ಬಿದ್ದದ್ದನ್ನು ಮೀನಾಕ್ಷಿ ಹಾಕಿದಳು, ಮನೆ ಅವಳ ಹೆಸರಿಗೆ ರಿಜಿಸ್ಟರ್ ಆಯಿತು.

ಮೊದಲ ತಿಂಗಳು ತುಂಬಿದ ಕೂಡಲೇ ಇಸ್ತ್ರಿ ಮಾಡಿದ ಷರಟು ತೊಟ್ಟು, ಹೊಸ ಕೀ ಚೈನು ಕೊಂಡು, ಗೃಹಾಧಿಪತಿಯ ಗತ್ತಿನಲ್ಲಿ ಹೋದೆ. ಮೊದಲು ಕೀಲಿಕೈ ಕೇಳಿದೆ.

“ಕೀನಾ? ಈ ಮನೆಗೆ ಬೀಗ ಹಾಕ್ಕೊಂಡು ನಾನೆಲ್ಲಿಗೋಗ್ಲಿ ಯಜಮಾನ್ರೇ? ಬಾಗ್ಲು ತಳ್ಳಿದ್ರೆ ಸಾಕು, ತಕ್ಕೊತದೆ.”

ಹೀಗೆ ಕೀಲಿಕೈ ಇಲ್ಲದ ಟರ್ನ್‌ಕೀ ಮನೆಯ ಮಾಲೀಕನಾಗಿ, ಖಾಲಿ ಚೈನನ್ನು ಬೆರಳಲ್ಲಿ ತಿರುಗಿಸುತ್ತಾ ಬಾಡಿಗೆಯ ಮಾತೆತ್ತಿದೆ.

“ಕೊಬ್ಬರಿ ಆಗ್ಲಿ” ಎಂದರು ಪುಟ್ಟಗಂಗಮ್ಮ.

ನಮ್ಮ ಕಡೆ ಯಾವುದಕ್ಕೂ ಹೀಗೆ ಹೇಳುವುದುಂಟು. ಮಗನ ಮದುವೆ ಯಾವಾಗ ಎಂದರೆ ಕೊಬ್ಬರಿ ಆಗ್ಲಿ, ಮನೆಗೆ ಬಣ್ಣ ಯಾವಾಗ ಎಂದರೆ ಕೊಬ್ಬರಿ ಆಗ್ಲಿ. ಏನೋ ಕೈ ಬಿಗಿಯಾಗಿದೆ, ಕೊಡುತ್ತಾರೆ ಎಂದು ವಾಪಸು ಬಂದೆ. ಎರಡನೆಯ ತಿಂಗಳು ಹೋದೆ. ಕಾಫಿ ಬಂತು, ಕೊಬ್ಬರಿ ಆಗ್ಲಿ ಎಂಬ ಮಾತೂ ಬಂತು, ಬಾಡಿಗೆ ಬರಲಿಲ್ಲ. ಮನೆಯಲ್ಲಿ ಮೀನಾಕ್ಷಿ ನನ್ನ ಹಳೆಯ ರಬ್ಬರ್ ಬೂಟುಗಳನ್ನು ತೊಳೆದು ಬಿಸಿಲಿಗೆ ಇಟ್ಟಿದ್ದಳು. ‘ತೋಟಕ್ಕೆ ಬೇಕಾಯ್ತದೆ’ ಎಂದಳು.

ಮೂರನೆಯ ತಿಂಗಳು ಮಳೆ ಹಿಡಿಯಿತು. ಪುಟ್ಟಗಂಗಮ್ಮ ಫೋನ್ ಮಾಡಿದರು. ಆ ಕಂಠಕ್ಕೆ ಫೋನಿನ ಅಗತ್ಯವೇ ಇರಲಿಲ್ಲ. “ಯಜಮಾನ್ರೇ, ಹೆಂಚು ಸರ್ಕೊಂಡು ಮ್ಯಾಲೆ ಸೋರ್ತಾ ಐತೆ. ಈ ಗಳಿಗೇಲೇ ಬನ್ನಿ. ಆಮೇಲೆ ಬಾಡಿಗೆ ಬರ್ಲಿಲ್ಲ ಅಂದ್ರೆ ನನ್ನ ಕೇಳ್ಬ್ಯಾಡಿ!”

ಹೆಂಚಿಗೂ ಬಾಡಿಗೆಗೂ ಎಲ್ಲಿಯ ಸಂಬಂಧ ಎಂದುಕೊಂಡೇ ಹೋದೆ. ಪಡಸಾಲೆಯ ಮೂಲೆಯಲ್ಲಿ ಏಣಿ ಇತ್ತು. ಏಣಿಯ ತುದಿಯಲ್ಲಿ ಅಟ್ಟದ ಕಿಂಡಿ ಇತ್ತು. ಪಂಚೆ ಮೇಲಕ್ಕೆ ಕಟ್ಟಿ ಹತ್ತಿದೆ, ಕಿಂಡಿಯಿಂದ ತಲೆ ತೂರಿಸಿದೆ.

ಕಾಯಿ. ಈ ಗೋಡೆಯಿಂದ ಆ ಗೋಡೆಯ ತನಕ, ನನ್ನ ಗಲ್ಲದ ಮಟ್ಟಕ್ಕೆ, ತೆಂಗಿನಕಾಯಿ. ಯಾವುದರಿಂದ ತಪ್ಪಿಸಿಕೊಳ್ಳಲು ಸೈಟು ಮಾರಿದ್ದೆನೋ ಅದು ನೂರುಗಟ್ಟಲೆ ಗುಂಪುಗೂಡಿ ನನ್ನನ್ನೇ ನೋಡುತ್ತಿತ್ತು.

“ಏನಮ್ಮಾ ಇದೆಲ್ಲ!”

“ಕಾಣಾಕಿಲ್ವಾ? ಕಾಯಿ” ಎಂದರು ಕೆಳಗಿನಿಂದ.

ವಿಷಯ ಇಷ್ಟು. ಊರಲ್ಲಿ ಈಗ ನನ್ನಂಥವರು ಹೆಚ್ಚಾಗಿ ಎಲ್ಲ ಕಡೆ ತಾರಸಿ ಮನೆಗಳು ಎದ್ದಿವೆ, ಅಟ್ಟಗಳಿಗೆ ಬರ ಬಂದಿದೆ. ಕಾಯಿ ಇದ್ದು ಅಟ್ಟ ಇಲ್ಲದವರೆಲ್ಲ ಪುಟ್ಟಗಂಗಮ್ಮನ ಹತ್ತಿರ ಬಂದು ಅಟ್ಟದಲ್ಲಿ ಜಾಗ ಹಿಡಿಯುತ್ತಾರೆ. ನಡುವೆ ಹಗ್ಗ ಕಟ್ಟಿ ಒಬ್ಬೊಬ್ಬರಿಗೂ ಒಂದೊಂದು ಪಾಲು ಮಾಡಿದ್ದರು. ಕೊಬ್ಬರಿಯಾಗಿ ಯಾರ್ಡಿನಲ್ಲಿ ಮಾರಿದ ಮೇಲೆ ಅವರು ಅಟ್ಟದ ಬಾಡಿಗೆ ಕೊಡುತ್ತಾರೆ, ಅದರಲ್ಲಿ ಪುಟ್ಟಗಂಗಮ್ಮ ಮನೆ ಬಾಡಿಗೆ ಒಟ್ಟಿಗೇ ಕಟ್ಟುತ್ತಾರೆ. ಹಳೇ ಮಾಲೀಕರ ಕಾಲದಿಂದ ನಡೆದುಬಂದದ್ದು. ಕೊಬ್ಬರಿ ಆಗ್ಲಿ ಎಂದರೆ ಕೊಬ್ಬರಿಯೇ ಆಗಬೇಕಾಗಿತ್ತು.

ಹೆಂಚು ಸರಿಮಾಡಿ ಇಳಿದು ಬಂದವನಿಗೆ ಅವರೇ ಮೇಲಕ್ಕೆ ಬೆರಳು ತೋರಿಸಿ ಹೇಳಿದರು. “ಆ ಮೂಲೇದು ನೋಡಿ, ಭಾರಿ ಚೆನ್ನಾಗಿರೋ ಕಾಯಿ. ಒಬ್ಬ ಹೆಣ್ಮಗಳದು. ಗಂಡಂಗೆ ಗೊತ್ತಿಲ್ದಂಗೆ ಇಕ್ಕವ್ಳೆ. ಆ ಪುಣ್ಯಾತ್ಮಂಗೆ ಕಾಯಿ ಕಂಡ್ರಾಗಲ್ವಂತೆ.”

“ಅಯ್ಯೋ ಪಾಪ!” ಎಂದು ನಕ್ಕೆ. “ಹೆಂಡ್ತಿ ಮೂಗಿನ ಕೆಳಗೇ ವ್ಯಾಪಾರ ಮಾಡ್ತಿದ್ರೂ ಗೊತ್ತಾಗದಿರೋ ಪೆದ್ದ! ಇಂಥೋರೂ ಇರ್ತಾರಲ್ಲ.”

“ಇರ್ತಾರೆ, ಇರ್ತಾರೆ” ಎಂದು ಪುಟ್ಟಗಂಗಮ್ಮ ನನ್ನ ಮುಖವನ್ನೇ ನೋಡಿದರು.

ಮನೆಗೆ ಬಂದು ಆ ಪೆದ್ದನ ಕಥೆಯನ್ನು ಮೀನಾಕ್ಷಿಗೂ ಹೇಳಿದೆ, ನನ್ನ ಕೈಯಿಂದ ಒಂದಿಷ್ಟು ಸೇರಿಸಿಯೇ ಹೇಳಿದೆ. ಅವಳು ಒಲೆ ಕಡೆ ತಿರುಗಿ ನಿಂತಳು. ಬೆನ್ನು ಕುಲುಕುತ್ತಿತ್ತು. ಆ ಹೆಂಗಸಿನ ಮೇಲೆ ಕನಿಕರಪಟ್ಟು ಅಳುತ್ತಿದ್ದಾಳೆ ಎಂದುಕೊಂಡೆ.

“ಆದ್ರೆ ನಾನು ಬಿಡೋದಿಲ್ಲ. ಅಟ್ಟ ಪೂರ್ತಿ ಖಾಲಿ ಮಾಡಿಸ್ತೀನಿ. ತಿಂಗಳು ತಿಂಗಳು ನೆಟ್ಟಗೆ ಬಾಡಿಗೆ ಕೊಡೋರನ್ನ ಇಡ್ತೀನಿ” ಎಂದೆ.

ಅವಳು ಗರಕ್ಕನೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು. “ಅಟ್ಟದ ಮೇಲಿರೋ ಕಾಯಿ ಕದಲಿಸ್ಬಾರ್ದು ಅಂತ ಎಳೇ ಮಕ್ಕಳಿಗೂ ಗೊತ್ತು! ಒಳಗೆ ನೀರು ಇಂಗೋ ಹೊತ್ನಾಗೆ ಮುಟ್ಟಿದ್ರೆ ಅಷ್ಟೂ ಕೆಟ್ಟೋಯ್ತದೆ. ಯಾರೋ ಹೆಣ್ಮಗಳ ಹೊಟ್ಟೆ ಮೇಲೆ ಹೊಡೀತೀರಾ?”

“ಯಾರೋ ಹೆಂಗಸಿಗೆ ನೀನ್ಯಾಕೆ ಹಿಂಗೆ ಉರಿದುಬೀಳ್ತೀಯೇ?”

“ಹೆಂಗಸ್ರ ಕಷ್ಟ ಹೆಂಗಸ್ರಿಗೆ ಗೊತ್ತು” ಎಂದು ಅನ್ನದ ಪಾತ್ರೆಯನ್ನು ಕುಕ್ಕಿದಳು.

ನಾನೂ ಹಟಕ್ಕೆ ಬಿದ್ದೆ. ನನ್ನ ಸ್ವಾತಂತ್ರ್ಯದ ಪ್ರಶ್ನೆ. ಮಾರನೆಯ ದಿನ ರೇವಣಸಿದ್ದಯ್ಯನನ್ನು ಹಿಡಿದು, ಆಳು ಕರ್ಕೊಂಡು ಬಾ, ಇವತ್ತೇ ಅಟ್ಟ ಇಳಿಸೋಣ ಎಂದೆ. ಅವನು ಬೈಕಿನಿಂದ ಇಳಿದು ಕೈ ಮುಗಿದ.

“ಸಾರ್, ನಾನು ಈ ಊರಲ್ಲಿ ಬಾಳ್ಬೇಕು. ಅಟ್ಟ ಮುಟ್ಟಿದ್ರೆ ಅಮ್ಮಾವ್ರು ನನ್ನ ಸುಮ್ನೆ ಬುಡ್ತಾರಾ?”

“ಯಾವ ಅಮ್ಮಾವ್ರು?”

“ನಿಮ್ಮನೇವ್ರು ಸಾರ್. ಆ ಮೂಲೆ ಕಾಯಿ ಅವ್ರವೇ ಅಲ್ವಾ? ಹಳೇ ಓನರ್ರು ಮನೆ ಮಾರ್ತಾರೆ ಅಂತ ಗೊತ್ತಾದಾಗ್ನಿಂದ ಅಮ್ಮಾವ್ರಿಗೆ ನಿದ್ದೆ ಇರ್ಲಿಲ್ಲ. ಬೇರೆ ಯಾರಾನ ತಗಂಡು ಕೆಡವಿ ತಾರಸಿ ಹಾಕ್ಬುಟ್ರೆ ಅಟ್ಟ ಹೋಯ್ತು ಅಂತ. ‘ನಮ್ಮೆಜಮಾನ್ರು ಅದೇನೋ ಟರ್ನ್‌ಕೀ ಅಂತವ್ರೆ, ನಾಳೆ ಬೆಳಿಗ್ಗೆನೇ ಬಂದು ಈ ಮನೆ ತೋರ್ಸು’ ಅಂತ ಫೋನ್ ಮಾಡಿದ್ದೇ ಅವ್ರು.”

ನಾನು ಅಲ್ಲೇ ಪಕ್ಕದ ಕಟ್ಟೆಯ ಮೇಲೆ ಕುಳಿತೆ. ಸಕ್ಕರೆ ಇಲ್ಲದ ಕಾಫಿ, ಎಳನೀರಿನ ದುಡ್ಡು, ಕುಲುಕಿದ ಬೆನ್ನು, ಎಲ್ಲವೂ ಒಂದೊಂದಾಗಿ ತಲೆಯೊಳಗೆ ಬಂದು ಸಾಲಾಗಿ ನಿಂತವು. ಆ ಪೆದ್ದ ಯಾರೆಂದು ಕೊನೆಗೂ ಗೊತ್ತಾಯಿತು.

ಮನೆಗೆ ಹೋಗಿ ಗುಡುಗಿದೆ. “ನನಗೆ ಮೋಸ ಮಾಡಿದೆ!”

“ಎಲ್ಲಿ ಮೋಸ? ಮೇಲೆ ನೋಡಿ ಅಂದೆ, ನೋಡ್ಲಿಲ್ಲ. ನಿಮ್ಗೆ ಬಾಡಿಗೆ ಮನೆ ಬೇಕಿತ್ತು, ಬಂತು. ನನಗೆ ಅಟ್ಟ ಬೇಕಿತ್ತು, ಬಂತು. ತೋಟದ ಮನೆ ಅಟ್ಟ ನಿಮ್ ಕಾಯಿಗೇ ಸಾಲ್ದು, ಇಲ್ಲಿ ನೋಡಿದ್ರೆ ಅಟ್ಟ ಇಲ್ದಿರೋ ಅರಮನೆ ಕಟ್ಟಿಸಿದ್ರಿ. ನನ್ ತವರಿನ ಕಾಯಿ ಏನು ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?”

“ಆರು ತಿಂಗಳಲ್ಲಿ ಬಾಡಿಗೆ ಬರ್ಲಿಲ್ಲ ಅಂದ್ರೆ ನನ್ನ ಗತಿ?”

“ಕೊಬ್ಬರಿ ಆಗ್ಲಿ” ಎಂದಳು.

ಆ ದಿನಗಳ ನನ್ನ ಅವಸ್ಥೆಯನ್ನು ಏನೆಂದು ಹೇಳಲಿ? ತೆಂಗಿನಕಾಯಿಯಿಂದ ಬಿಡುಗಡೆ ಸಿಗಬೇಕಾದರೆ ತೆಂಗಿನಕಾಯಿ ಬೇಗ ಒಣಗಬೇಕು. ದಿನಾ ಬೆಳಿಗ್ಗೆ ಎದ್ದು ಹಳೇ ಪೇಟೆಗೆ ಓಡುತ್ತಿದ್ದೆ, ಏಣಿ ಹತ್ತುತ್ತಿದ್ದೆ, ಒಂದು ಕಾಯನ್ನು ಮೆಲ್ಲಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ನೀರು ತುಳುಕಿದರೆ ನನ್ನ ಮುಖ ಬಾಡುತ್ತಿತ್ತು. ಪುಟ್ಟಗಂಗಮ್ಮ ಕೆಳಗಿನಿಂದ “ಮುಟ್ಬ್ಯಾಡಿ ಅಂದ್ರೆ ಮುಟ್ತೀರಲ್ಲ, ಮಗೀನ ಮಲಗಕ್ಕೆ ಬುಡಿ!” ಎಂದು ಗದರುತ್ತಿದ್ದರು. ಕಾಯಿ ಚೆನ್ನಾಗಿರಲಪ್ಪ ಎಂದು ಜೀವನದಲ್ಲಿ ಮೊದಲ ಸಲ ದೇವರಿಗೆ ಹರಕೆ ಹೊತ್ತೆ. (ಏನನ್ನು ಒಡೆಸುತ್ತೇನೆಂದು ಹರಕೆ ಹೊತ್ತೆ ಅನ್ನುವುದನ್ನು ದಯವಿಟ್ಟು ಕೇಳಬೇಡಿ.)

ಗಡುವು ಮುಗಿಯಲು ಇನ್ನೇನು ವಾರವಿದೆ ಅನ್ನುವಾಗ ಒಂದು ಬೆಳಿಗ್ಗೆ ಕಾಯಿ ಅಲ್ಲಾಡಿಸಿದೆ. ನೀರು ತುಳುಕಲಿಲ್ಲ, ಒಣಗಿದ ಕೊಬ್ಬರಿ ಲೊಡಲೊಡ ಎಂದಿತು. ಇನ್ನೊಂದು ಅಲ್ಲಾಡಿಸಿದೆ. ಲೊಡಲೊಡ! ಏಣಿಯ ಮೇಲಿಂದಲೇ “ಆಯ್ತು! ಕೊಬ್ಬರಿ ಆಯ್ತು!” ಎಂದು ಕೂಗಿದ ಕೂಗಿಗೆ ಬೀದಿಯವರು ಮಗು ಹುಟ್ಟಿತೇನೋ ಎಂದು ಓಡಿ ಬಂದರು.

ಕಾಯಿ ಇಳಿಯಿತು, ಯಾರ್ಡಿಗೆ ಹೋಯಿತು. ಆ ವಾರ ರೇಟೂ ಏರಿತ್ತು. ಅಟ್ಟದವರೆಲ್ಲ ಪುಟ್ಟಗಂಗಮ್ಮನಿಗೆ ಕೊಟ್ಟರು, ಪುಟ್ಟಗಂಗಮ್ಮ ಮನೆ ಬಾಡಿಗೆಯನ್ನು ಎಲೆ ಅಡಿಕೆ ಸಮೇತ ಮೀನಾಕ್ಷಿಯ ಕೈಗಿಟ್ಟರು (ಪತ್ರ ಅವಳ ಹೆಸರಿನಲ್ಲಿದೆಯಲ್ಲ). ನೆಟ್ಟಗೆ, ಪೂರ್ತಿ, ಗಡುವಿನೊಳಗೆ!

“ಗೆದ್ದೆ!” ಎಂದು ನಾನು ಕುಣಿದೆ. “ಇನ್ನು ತೋಟ ಗುತ್ತಿಗೆಗೆ!”

“ಆಡಿದ ಮಾತಿಗೆ ನಾನು ತಪ್ಪಲ್ಲ” ಎಂದಳು ಮೀನಾಕ್ಷಿ. “ಗುತ್ತಿಗೆಗೆ ಜನಾನೂ ಸಿಕ್ಕವ್ರೆ. ನಾನೂ ಪುಟ್ಟಗಂಗಮ್ಮನೂ.”

“ಆಗ್ಲಿ, ಯಾರಾದ್ರೂ ತಗೊಳ್ಳಿ. ನಾನಂತೂ ತೋಟದ ಕಡೆ ತಲೆ ಹಾಕಲ್ಲ.”

“ತೋಟಕ್ಕೆ ಹೋಗಿ ಅಂತ ಯಾರಂದ್ರು? ಅದಕ್ಕೆ ಆಳು ಮಾಡಿದ್ದೀವಿ. ಆ ಕಾಯಿ ಎಲ್ಲಾ ಇನ್ಮೇಲೆ ಹಳೇ ಪೇಟೆ ಅಟ್ಟಕ್ಕೆ ಬರ್ತದೆ. ಪುಟ್ಟಗಂಗಮ್ಮಂಗೆ ಮಂಡಿ ನೋವು, ಏಣಿ ಹತ್ತಕ್ಕಾಗಲ್ಲ. ನಿಮ್ಗಾದ್ರೆ ದಿನಾ ಹತ್ತಿ ಹತ್ತಿ ಅಭ್ಯಾಸ ಆಗೈತೆ.”

ಮಾತಾಡಿಕೊಂಡಿದ್ದು ತೋಟದ ವಿಷಯ ಮಾತ್ರ, ಅಟ್ಟದ ವಿಷಯ ಯಾರೂ ಮಾತಾಡಿರಲಿಲ್ಲ. ಪಂಚೆಯನ್ನು ಮತ್ತೆ ಮೇಲಕ್ಕೆ ಕಟ್ಟಿದೆ.

ಈಗ ನೀವು ಬಂದರೆ ನಾನು ಸಿಗುವುದು ಆ ಅಟ್ಟದಲ್ಲೇ. ಮೊನ್ನೆ ಹೀಗೇ ನಾನು ಮೇಲೆ ಹೊಸ ಕಾಯಿ ಹರಡುತ್ತಾ, ಮೀನಾಕ್ಷಿ ಕೆಳಗೆ ಗಾಡಿ ಲೆಕ್ಕ ನೋಡುತ್ತಾ ಇದ್ದಾಗ ರೇವಣಸಿದ್ದಯ್ಯನ ದನಿ ಕೇಳಿಸಿತು. ತುರುವೇಕೆರೆಯ ಮೇಷ್ಟ್ರೊಬ್ಬರನ್ನು ಕರೆತಂದಿದ್ದ. ಬಾಡಿಗೆ ಮನೆ ಕೊಳ್ಳಬೇಕೆಂಬ ಆಸೆ ಅವರಿಗೂ ಹುಟ್ಟಿತ್ತು. ಒಳ್ಳೆಯ ಮನೆ ಎಂದರೆ ಹೇಗಿರುತ್ತದೆಂದು ತೋರಿಸಲು ಇಲ್ಲಿಗೆ ತಂದಿದ್ದ. ಮೇಷ್ಟ್ರು ಒಳಗೆ ಬಂದವರೇ ಕತ್ತೆತ್ತಿ ಮೇಲೆ ನೋಡಿದರು. ಬುದ್ಧಿವಂತರು.

“ಆಹಾ, ಎಷ್ಟು ಒಪ್ಪವಾಗಿ ಕಾಯಿ ಹರಡಿದ್ದಾರೆ! ಯಾರು ಅವರು?”

ಪುಟ್ಟಗಂಗಮ್ಮ ಹೆಮ್ಮೆಯಿಂದ “ನಮ್ಮನೇಲೇ ಇರೋರು ಕಣಪ್ಪ. ಭಾರಿ ನಿಯತ್ತಿನ ಮನುಷ್ಯ” ಎಂದರು.

“ಇಂಥ ಆಳು ಈಗೆಲ್ಲಿ ಸಿಗ್ತಾರೆ! ಅಮ್ಮಾ, ಮನೆ ಮಾರೋದಿದ್ರೆ ಹೇಳಿ, ರೇಟು ನೋಡಲ್ಲ. ಆದ್ರೆ ಅವರನ್ನೂ ಜೊತೆಗೇ ಬಿಟ್ಕೊಡ್ಬೇಕು” ಎಂದರು ಮೇಷ್ಟ್ರು, ಮೀನಾಕ್ಷಿಯ ಕಡೆ ತಿರುಗಿ.

ನಾನು ಕಿಂಡಿಯ ಹತ್ತಿರ ತೆವಳಿ ಕಿವಿಯಿಟ್ಟೆ. ಮೀನಾಕ್ಷಿ ಒಂದು ಗಳಿಗೆಯೂ ಯೋಚಿಸಲಿಲ್ಲ.

“ಮನೆ ಬೇಕಾದ್ರೆ ನೋಡಣ ಮೇಷ್ಟ್ರೇ. ಅವ್ರನ್ನ ಮಾತ್ರ ಯಾವ ರೇಟಿಗೂ ಕೊಡಲ್ಲ.”

ಇಷ್ಟು ವರ್ಷದ ಸಂಸಾರದಲ್ಲಿ ಇಂಥದೊಂದು ಮಾತು ಅವಳ ಬಾಯಿಂದ ಕೇಳಿರಲಿಲ್ಲ. ಇಳಿದು ಹೋಗಿ ಏನಾದರೂ ಹೇಳಬೇಕೆಂದು ಏಣಿಯ ಮೇಲೆ ಒಂದು ಕಾಲಿಟ್ಟೆ.

“ಎಲ್ಲಿಗೆ ಇಳೀತಾ ಇದ್ದೀರಾ?” ಎಂದಳು ಮೀನಾಕ್ಷಿ. “ಇನ್ನೊಂದು ಗಾಡಿ ಕಾಯಿ ಬಂದು ಬಾಗ್ಲಲ್ಲಿ ನಿಂತೈತೆ.”